ತುರುವೇಕೆರೆ ಕಡೆ ದನ ಮೇಯಿಸಲು ಜಮೀನು ಬಾಡಿಗೆಗೆ ಬೇಕು, ಯಾರೂ ಕೊಡುತ್ತಿಲ್ಲ

ಕೊಟ್ಟಿಗೆಮನೆ
ನಮಸ್ಕಾರ ಎಲ್ಲರಿಗೂ. ನಮ್ಮದು ತುರುವೇಕೆರೆ ತಾಲ್ಲೂಕು. ಕೊಟ್ಟಿಗೆಯಲ್ಲಿ 14 ರಾಸು ಇವೆ. 9 ಹಳ್ಳಿಕಾರ್, 5 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಸ್ವಂತ ಜಮೀನು ಮೂರೂವರೆ ಎಕರೆ. ಅದರಲ್ಲಿ ತೆಂಗು, ಒಂದಿಷ್ಟು ರಾಗಿ, ಬದುವಿನ ಮೇಲೆ ನೇಪಿಯರ್ ಹುಲ್ಲು. ಮಳೆಗಾಲದಲ್ಲೂ ಮೇವು ಸಾಲುತ್ತಿಲ್ಲ.

ಮುಂಚೆ ಊರ ಗೋಮಾಳಕ್ಕೆ ಹೊಡೆದುಕೊಂಡು ಹೋಗುತ್ತಿದ್ದೆವು. ಈಗ ಅದರಲ್ಲಿ ಅರ್ಧ ಬಗರ್‌ಹುಕುಂಗೆ, ಅಂದರೆ ಒತ್ತುವರಿ ಸಾಗುವಳಿಗೆ ಹೋಯಿತು. ಉಳಿದದ್ದರಲ್ಲಿ ನಿವೇಶನ, ಕಸದ ಘಟಕ.

ಹಾಗಂತ ಊರ ಸುತ್ತ ಖಾಲಿ ಜಮೀನಿಗೇನೂ ಬರ ಇಲ್ಲ. ಬೆಂಗಳೂರಿನವರು ತಗೊಂಡು, ಕಲ್ಲುಕಂಬ ನೆಟ್ಟು, ತಂತಿ ಎಳೆದು, ಗೇಟಿಗೆ ಬೀಗ ಹಾಕಿದ್ದಾರೆ. ಒಳಗೆ ಎದೆಮಟ್ಟ ಹುಲ್ಲು. ಒಬ್ಬರು ಫೋನೇ ಎತ್ತಲ್ಲ. ಇನ್ನೊಬ್ಬರು "ದುಡ್ಡಿನ ಪ್ರಶ್ನೆ ಅಲ್ಲ, ಬೇಡ ಅಷ್ಟೇ" ಅಂದರು. ಐದಾರು ಎಕರೆ, ಜೂನ್‌ನಿಂದ ಡಿಸೆಂಬರ್ ತನಕ ಸಿಕ್ಕಿದರೆ ಸಾಕು. ನಿಮ್ಮ ಕಡೆ ಎಕರೆಗೆ ಏನು ನಡೆಯುತ್ತಿದೆ? ಕಾಗದ ಹೇಗೆ ಮಾಡಿಕೊಳ್ಳುತ್ತೀರಿ?

ರಾಗಿಕಣ
ರೇಟು ಆಮೇಲೆ. ಕೊಡೋರು ಯಾರು ಅಂತ ಮೊದಲು ಹೇಳಿ, ನಾನೂ ಬರ್ತೀನಿ.

ಗುಬ್ಬಿತೋಟ
ನಮ್ಮಲ್ಲಿ ಎಕರೆ ಲೆಕ್ಕವೇ ಇಲ್ಲ. ಮಾಲೀಕರ ಮನೆಗೆ ಎರಡು ಲೀಟರ್ ಹಾಲು, ಯುಗಾದಿಗೆ ಒಂದು ಟ್ರ್ಯಾಕ್ಟರ್ ಗೊಬ್ಬರ. ಅಷ್ಟಕ್ಕೇ ನಡೆಯುತ್ತಿದೆ. ಆದರೆ ಅವರು ಊರಲ್ಲೇ ಇರುವವರು. ಬೆಂಗಳೂರಿನವರಿಗೆ ಹಾಲು ಎಲ್ಲಿಗೆ ಕೊಡ್ತೀರಿ?

ಪಹಣಿಪಂಡಿತ
ಕಾಗದ ಅಂದ್ರಲ್ಲ, ಸಮಸ್ಯೆ ಅಲ್ಲೇ ಇರುವುದು. ಕರ್ನಾಟಕ ಭೂ ಸುಧಾರಣಾ ಕಾಯ್ದೆ 1961ರ 5ನೇ ಸೆಕ್ಷನ್ ನೋಡಿ. ಕೃಷಿ ಜಮೀನನ್ನು ಗೇಣಿಗೆ ಕೊಡುವ ಹಾಗೇ ಇಲ್ಲ. ಸೈನಿಕರಿಗೆ, ನಾವಿಕರಿಗೆ ರಿಯಾಯಿತಿ ಇದೆ, ನಿಮಗೆ ನನಗೆ ಇಲ್ಲ. "ನಾನು ಬೆಳೆ ಬೆಳೆಯಲ್ಲ, ದನ ಮೇಯಿಸ್ತೀನಿ ಅಷ್ಟೇ" ಅಂದರೂ ನಡೆಯಲ್ಲ. ಆ ಕಾಯ್ದೆಯಲ್ಲಿ ಕೃಷಿ ಅಂದರೆ ಏನು ಅಂತ ಬರೆದಿರುವ ಕಡೆ ಹುಲ್ಲು ಬೆಳೆಸುವುದು, ಹೈನುಗಾರಿಕೆ, ದನ ಮೇಯಿಸುವುದು ಎಲ್ಲವೂ ಸೇರಿವೆ.

2020ರ ತಿದ್ದುಪಡಿಯಲ್ಲಿ 79ಎ, 79ಬಿ ತೆಗೆದರು. ಯಾರು ಬೇಕಾದರೂ ಜಮೀನು ಕೊಳ್ಳಬಹುದು ಅಂತಾಯಿತು. ಗೇಣಿ ನಿಷೇಧ ಮಾತ್ರ ಹಾಗೇ ಉಳಿಯಿತು. ಕೊಂಡು ಬೀಗ ಹಾಕಬಹುದು, ಪಕ್ಕದ ರೈತನಿಗೆ ಕೊಡೋ ಹಾಗಿಲ್ಲ. ಎಂಥಾ ಕಾನೂನು ನೋಡಿ.

ಮಂಡ್ಯ_ಮಾದ
ಹಾಗಾದರೆ ಇಡೀ ಮಂಡ್ಯ ಜಿಲ್ಲೆನ ಜೈಲಿಗೆ ಹಾಕಬೇಕು. ಗುತ್ತಿಗೆ, ವಾರ, ಭೋಗ್ಯ ಇಲ್ಲದ ಊರು ಒಂದು ತೋರಿಸಿ.

ಪಹಣಿಪಂಡಿತ
ನಡೆಯುತ್ತಿಲ್ಲ ಅಂತ ನಾನೆಲ್ಲಿ ಹೇಳಿದೆ? ಬಾಯಿಮಾತಲ್ಲಿ ನಡೆಯುತ್ತಿದೆ. ಅದಕ್ಕೇ ಕಾಗದ ಕೇಳಿದ ಕೂಡಲೇ ಮಾಲೀಕ ಓಡುವುದು.

ಹಳೇಕಾಲದವ
ಓಡದೆ ಏನು ಮಾಡುತ್ತಾರೆ? ನಮ್ಮ ತಾತನ ಆರು ಎಕರೆ ನಮೂನೆ 7ರಲ್ಲಿ, ಅಂದರೆ ಗೇಣಿದಾರರು ಜಮೀನು ತಮ್ಮ ಹೆಸರಿಗೆ ಕೇಳಿ ಹಾಕುತ್ತಿದ್ದ ಅರ್ಜಿಯಲ್ಲಿ ಹೋಯಿತು. ಗೇಣಿ ಮಾಡುತ್ತಿದ್ದವರು ಒಳ್ಳೆಯವರೇ, ಅವರಿಗೆ ಸಿಗಬೇಕಾದ್ದೇ ಸಿಕ್ಕಿತು, ಅದರ ಬಗ್ಗೆ ನನಗೆ ಬೇಸರ ಇಲ್ಲ. ಆದರೆ ಮನೆಯಲ್ಲಿ ಆ ಮಾತು ಇನ್ನೂ ಹೋಗಿಲ್ಲ. ನಮ್ಮಮ್ಮನಿಗೆ ಈಗಲೂ ಯಾರಾದರೂ "ನಿಮ್ಮ ಹೊಲದಲ್ಲಿ ಒಂದೆರಡು ತಿಂಗಳು ದನ ಕಟ್ಟಿಕೊಳ್ಳಲಾ" ಅಂದರೆ ಮುಖ ಕಪ್ಪಿಡುತ್ತದೆ.

ಪಹಣಿಪಂಡಿತ
ನಮೂನೆ 7 ಹಾಕುವ ಗಡುವು 1979ರ ಜೂನ್ 30ಕ್ಕೇ ಮುಗಿಯಿತು. ಈಗ ಯಾರೂ ಆ ದಾರಿಯಲ್ಲಿ ಜಮೀನು ಕೇಳಲು ಬರುವುದಿಲ್ಲ. ಭಯ ಮಾತ್ರ ಉಳಿದಿದೆ.

ಹಳೇಕಾಲದವ
12 ವರ್ಷ ಅನುಭವದಲ್ಲಿದ್ದರೆ ಜಮೀನು ತಮ್ಮದೇ ಅಂತ ಸ್ವಾಧೀನದ ದಾವೆ ಹಾಕುತ್ತಾರಲ್ಲ, ಅದು? ಈಗ ಬೆಳೆ ಸಮೀಕ್ಷೆಯವರು ಮೊಬೈಲ್ ಹಿಡಿದು ಬಂದು ಯಾರು ಬೆಳೆದಿದ್ದೀರಿ ಅಂತ ಫೋಟೊ ತೆಗೆಯುತ್ತಾರೆ. ಮಾಲೀಕರಿಗೆ ನಡುಕ ಬರೋದು ಸಹಜ ಅಲ್ವಾ?

ಪಹಣಿಪಂಡಿತ
ಒಪ್ಪಿಗೆ ಮೇಲೆ ಒಳಗೆ ಬಂದವನಿಗೆ ಆ ದಾವೆ ನಿಲ್ಲುವುದಿಲ್ಲ. ಒಪ್ಪಿಗೆ ಇತ್ತು ಅನ್ನೋದಕ್ಕೆ ಒಂದು ಚೀಟಿ ಇದ್ದರೆ ಮಾಲೀಕನಿಗೇ ಒಳ್ಳೆಯದು. ಇದನ್ನು ಅವರಿಗೆ ಬಿಡಿಸಿ ಹೇಳಬೇಕು.

ಕೊಟ್ಟಿಗೆಮನೆ
ಗೇಣಿ ಚೀಟಿ ಮಾಡೋ ಹಾಗಿಲ್ಲ ಅಂತೀರಿ, ಚೀಟಿ ಇದ್ದರೆ ಒಳ್ಳೆಯದು ಅಂತಲೂ ಅಂತೀರಿ. ಯಾವ ಚೀಟಿ ಸ್ವಾಮಿ?

ಹುಲ್ಲುಮೆದೆ
ಜಮೀನು ಬಾಡಿಗೆಗೆ ಕೇಳಬೇಡಿ. ಹುಲ್ಲು ಕೊಳ್ಳಿ. ನಾವು ಅರಸೀಕೆರೆ ಕಡೆ ಮಾಡೋದು ಇದನ್ನೇ. "ಇಂಥ ಸರ್ವೆ ನಂಬರಿನಲ್ಲಿ ಈ ಮುಂಗಾರಿನಲ್ಲಿ ಬೆಳೆದ ಹುಲ್ಲನ್ನು ಇಷ್ಟು ಹಣಕ್ಕೆ ಕೊಂಡಿದ್ದೇನೆ. ಡಿಸೆಂಬರ್ 31ರ ಒಳಗೆ ತೆಗೆಯುತ್ತೇನೆ. ಜಮೀನಿನ ಸ್ವಾಧೀನ ಮಾಲೀಕರದ್ದೇ." ಇಷ್ಟು ಬರೆದು ಎರಡೂ ಕಡೆ ಸಹಿ. ಪ್ರತಿ ವರ್ಷ ಹೊಸ ಚೀಟಿ, ನಡುವೆ ಎರಡು ತಿಂಗಳು ಬಿಡುವು. ಗೇಟಿನ ಬೀಗ ಮಾಲೀಕರದ್ದೇ ಇರಲಿ, ನಮಗೆ ಒಂದು ಕೀ ಕೊಡಲಿ. ಹುಣಸೆ ಮರದ ಕಾಯಿ ಮಾರಿದ ಹಾಗೆ ಇದೂ ಅಂತ ಹೇಳಿದರೆ ಮಾಲೀಕರಿಗೂ ಅರ್ಥ ಆಗುತ್ತದೆ.

ಪಹಣಿಪಂಡಿತ
ಕೊಯ್ದು ಒಯ್ದರೆ ಸರಿ. ದನವನ್ನೇ ಒಳಗೆ ಬಿಟ್ಟರೆ ಇದೂ ಗೇಣಿಯೇ ಅಂತ ವಾದ ಮಾಡಬಹುದು. ಆದರೆ ವಾದ ಮಾಡುವವರು ಯಾರು? ಇಬ್ಬರಿಗೂ ಬೇಡ. ನಡೆಯುತ್ತದೆ.

ಗಂಗೆನಹಳ್ಳಿ
ಪಂಚಾಯ್ತಿಗೆ ಒಂದು ಅರ್ಜಿ ಕೊಡಿ. ಉಳಿದಿರೋ ಗೋಮಾಳ ಅವರದ್ದೇ ತಾನೆ, ಬಾಡಿಗೆಗೆ ಕೊಡ್ತಾರೆ.

ಪಹಣಿಪಂಡಿತ
ಇಲ್ಲ. ಗೋಮಾಳ ಸರ್ಕಾರದ್ದು, ಕಂದಾಯ ಇಲಾಖೆಯದ್ದು. ಅದನ್ನು ಇಟ್ಟಿರುವುದೇ ಪುಕ್ಕಟೆ ಮೇಯಿಸಲು. ಭೂ ಕಂದಾಯ ನಿಯಮಗಳು 1966ರ 97ನೇ ನಿಯಮದ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 30 ಎಕರೆ ಬಿಡಬೇಕು. ನಿಮ್ಮ ಊರಲ್ಲಿ ಎಷ್ಟು ದನ, ಎಷ್ಟು ಗೋಮಾಳ ಅಂತ ತಹಶೀಲ್ದಾರರಿಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಊರ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಿಸಿ ಅಂತ ಸುಪ್ರೀಂ ಕೋರ್ಟು 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ರಾಗಿಕಣ
ಹೇಳಿದೆ. ಇತ್ತ ನಮೂನೆ 50, ನಮೂನೆ 53, ನಮೂನೆ 57 ಅಂತ ಒತ್ತುವರಿ ಸಕ್ರಮಕ್ಕೆ ಅರ್ಜಿ ಕರೆಯುತ್ತಲೇ ಬಂದರು. ಒತ್ತುವರಿ ಮಾಡಿರೋರು ಯಾರು? ನಮ್ಮ ಚಿಕ್ಕಪ್ಪ, ನಿಮ್ಮ ಮಾವ. ಅರ್ಜಿ ಕೊಟ್ಟು ಆಮೇಲೆ ಊರಹಬ್ಬದಲ್ಲಿ ಅವರ ಮುಖ ನೋಡೋದು ಹೇಗೆ?

ಚಳ್ಳಕೆರೆ_ಕಿಲಾರಿ
ನಿಮ್ಮದು ಒಂದು ಗೋಮಾಳ. ನಮ್ಮ ಕಡೆ ಅಮೃತಮಹಲ್ ತಳಿಯ ದನಕ್ಕೆ ಮೀಸಲಿಟ್ಟ ಹುಲ್ಲುಗಾವಲು, ಆ ಕಾವಲೇ ಹೋಯಿತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದದ್ದು, ಟಿಪ್ಪು ಕಾಲದಲ್ಲಿ ಅಮೃತಮಹಲ್ ಅಂತ ಹೆಸರಾದದ್ದು. ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಬಿಎಆರ್‌ಸಿ, ಇಸ್ರೋ, ಐಐಎಸ್‌ಸಿಯಂಥ ಸಂಶೋಧನಾ ಸಂಸ್ಥೆಗಳಿಗೆ ಕೊಟ್ಟರು. ಉದ್ದಕ್ಕೂ ಗೋಡೆ ಎದ್ದಿದೆ. ದೇವರ ಎತ್ತುಗಳ ಹಿಂಡನ್ನು ಆ ಗೋಡೆ ಸುತ್ತಿಸಿಕೊಂಡು ಹೊಡೆಯಬೇಕು. ಬಾಡಿಗೆಗೆ ಕೇಳೋಣ ಅಂದರೆ ಸುತ್ತ ಬರೀ ಶೇಂಗಾ ಹೊಲ. ಕಟಾವು ಆದ ಮೇಲೆ ಒಂದಷ್ಟು ದಿನ ಬಿಟ್ಟುಕೊಡುತ್ತಾರೆ, ಅದೂ ಸಗಣಿ ಗಂಜಲ ಬೀಳಲಿ ಅಂತ.

ಪಾವಗಡ್ದವ
ಬಾಡಿಗೆ ರೇಟು ಕೇಳಿದ್ರಲ್ಲ. ನಮ್ಮ ಸೋಲಾರ್ ಪಾರ್ಕ್‌ನಲ್ಲಿ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಆಮೇಲೆ ಏರುತ್ತಾ ಹೋಗುತ್ತೆ. ಹದಿಮೂರು ಸಾವಿರ ಎಕರೆ ಹತ್ತಿರ ಹೋಯಿತು. ಜಮೀನು ಇದ್ದವರು ಬಾಡಿಗೆ ಎಣಿಸಿದರು. ಜಮೀನು ಇಲ್ಲದೆ ಆ ಬೀಳಿನಲ್ಲಿ ಕುರಿ ದನ ಮೇಯಿಸಿಕೊಂಡಿದ್ದವರಿಗೆ ಏನೂ ಇಲ್ಲ. ಅವರು ಕುರಿ ಮಾರಿ ಬೆಂಗಳೂರಿಗೆ ಹೋದರು. ಹುಲ್ಲಿಗೆ ಅಂತ ನೀವು ಮೂರು ಸಾವಿರ ಹೇಳಿದರೆ ಮಾಲೀಕ ಯಾಕೆ ಕೊಡ್ತಾನೆ?

ಮಂಡ್ಯ_ಮಾದ
ಪ್ಯಾನಲ್ ಕೆಳಗೆ ಹುಲ್ಲು ಬೆಳೆಯಲ್ವಾ? ದನ ಬಿಡಿ.

ಪಾವಗಡ್ದವ
ಹಳ್ಳಿಕಾರ್ ಹೋರಿ ಕೊಂಬು ತಿಕ್ಕೋಕೆ ಪ್ಯಾನಲ್ ಕಂಬ ಚೆನ್ನಾಗಿರುತ್ತೆ. ಬಿಲ್ ನೀವು ಕಟ್ತೀರಾ?

ಲೆಕ್ಕದ_ಮೇಷ್ಟ್ರು
ಜಮೀನು ಹುಡುಕುವ ಮೊದಲು ಎಷ್ಟು ಬೇಕು ಅಂತ ಲೆಕ್ಕ ಹಾಕಿ. 300 ಕಿಲೋ ತೂಕದ ಹಸು ತನ್ನ ತೂಕದಲ್ಲಿ ನೂರಕ್ಕೆ ಎರಡೂವರೆಯಷ್ಟು ಒಣ ಮೇವು ತಿನ್ನುತ್ತದೆ. ಅಂದರೆ ದಿನಕ್ಕೆ ಏಳೂವರೆ ಕಿಲೋ. ಹಸಿ ಹುಲ್ಲಾದರೆ 30 ಕಿಲೋ ಆಸುಪಾಸು. 14 ರಾಸಿಗೆ ಒಣ ಲೆಕ್ಕದಲ್ಲಿ ದಿನಕ್ಕೆ 105 ಕಿಲೋ. ಮಳೆ ನಂಬಿದ ಬೀಳು ಜಮೀನಿನಲ್ಲಿ ಇಡೀ ವರ್ಷಕ್ಕೆ ಎಕರೆಗೆ 600 ಕಿಲೋ ಒಣ ಹುಲ್ಲು ಬಂದರೆ ಪುಣ್ಯ. ಆರು ಎಕರೆಗೆ 3,600. ಅರ್ಧ ತುಳಿದು ಹಾಳಾಗುತ್ತದೆ. ಉಳಿದ 1,800 ಕಿಲೋ 17 ದಿನಕ್ಕೆ ಖಾಲಿ.

ಕೊಟ್ಟಿಗೆಮನೆ
17 ದಿನವಾ?! ಏಳು ತಿಂಗಳಿಗೆ ಅಂತ ಕೂತಿದ್ದೆ ನಾನು.

ಹುಲ್ಲುಮೆದೆ
ಮೇಷ್ಟ್ರೇ, ಲೆಕ್ಕ ಸರಿ, ದನ ಬೇರೆ. ಯಾರೂ ಮೇಯಿಸಿಯೇ ಹೊಟ್ಟೆ ತುಂಬಿಸಲ್ಲ. ಬೆಳಿಗ್ಗೆ ಮೂರು ಗಂಟೆ ಬಿಟ್ಟು ಹೊಡೆದುಕೊಂಡು ಬಂದರೆ ಕೊಟ್ಟಿಗೆ ಮೇವಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತೆ. ಮುಂಗಾರಿನಲ್ಲಿ ಹುಲ್ಲು ಮತ್ತೆ ಮತ್ತೆ ಚಿಗುರುತ್ತೆ. ಹಳ್ಳಿಕಾರ್ ಬೇಲಿ ಸೊಪ್ಪು, ಜಾಲಿ ಕಾಯಿ ಎಲ್ಲ ಕಿತ್ತು ತಿನ್ನುತ್ತೆ. ಕಾಲು ಆಡಿದರೆ ಗೊರಸೂ ಚೆನ್ನಾಗಿರುತ್ತೆ.

ಲೆಕ್ಕದ_ಮೇಷ್ಟ್ರು
ಚಿಗುರಲು ಬಿಟ್ಟರೆ ತಾನೆ ಚಿಗುರೋದು? ಒಂದೇ ಜಾಗದಲ್ಲಿ ದಿನಾ ಮೇಯಿಸಿದರೆ ಎರಡನೇ ವರ್ಷ ಕಾಂಗ್ರೆಸ್ ಗಿಡ ಮಾತ್ರ ಉಳಿಯುತ್ತೆ. ನಾಲ್ಕು ಭಾಗ ಮಾಡಿ, ವಾರಕ್ಕೊಂದು ಭಾಗದಲ್ಲಿ ಬಿಡಿ. ಇನ್ನೊಂದು ಮಾತು. ಅರ್ಧ ಎಕರೆ ನೀರಾವರಿ ಸಿಕ್ಕಿದರೆ ಐದು ಎಕರೆ ಬೀಳಿಗಿಂತ ಅದೇ ಮೇಲು. ಸಿಒ-4 ತಳಿಯ ನೇಪಿಯರ್ ಎಕರೆಗೆ ವರ್ಷಕ್ಕೆ 150 ಟನ್ ಅಂತ ತಮಿಳುನಾಡು ಕೃಷಿ ವಿವಿ ಹೇಳುತ್ತದೆ. ನಮ್ಮ ನೀರಿಗೆ, ಗೊಬ್ಬರಕ್ಕೆ ಅದರ ಅರ್ಧ ಹಿಡಿಯಿರಿ. ಅರ್ಧ ಎಕರೆಯಿಂದ ದಿನಕ್ಕೆ 100 ಕಿಲೋ, ಮೂರು ಹಸುವಿನ ಹಸಿ ಮೇವು.

ರಾಗಿಕಣ
ನೇಪಿಯರ್ ನೆಟ್ಟರೆ ನಾಲ್ಕೈದು ವರ್ಷ ಇರುತ್ತೆ. ಏಳು ತಿಂಗಳಿಗೇ ಕೊಡದ ಮಾಲೀಕ ಐದು ವರ್ಷಕ್ಕೆ ಕೊಡ್ತಾನಾ? ಮತ್ತೆ ಅದೇ ಜಾಗಕ್ಕೆ ಬಂದೆವು.

ವೈಕಾಟೊಗೌಡ
ನಾನು ನ್ಯೂಜಿಲೆಂಡಿನ ವೈಕಾಟೊದಲ್ಲಿ ಡೈರಿ ಕೆಲಸದಲ್ಲಿದ್ದೇನೆ, ಊರು ಚನ್ನರಾಯಪಟ್ಟಣ. ಇಲ್ಲಿ ಚಳಿಗಾಲಕ್ಕೆ ದನಗಳನ್ನು ಬೇರೆಯವರ ಹುಲ್ಲುಗಾವಲಿಗೆ ಕಳಿಸುತ್ತಾರೆ. ಎಕರೆ ಲೆಕ್ಕ ಅಲ್ಲ, ತಲೆ ಲೆಕ್ಕ. ಒಂದು ಹಸುವಿಗೆ ವಾರಕ್ಕೆ ಇಷ್ಟು ಅಂತ. ಹುಲ್ಲು ಮುಗಿದರೆ ವಾಪಸ್. ಯಾರಿಗೂ ಜಮೀನು ಹೋಗುವ ಭಯ ಇಲ್ಲ. ನೀವೂ ಹಾಗೆ ಕೇಳಿ ನೋಡಿ. "ನಿಮ್ಮ ಜಾಗ ಬೇಡ, ದನಕ್ಕೆ ವಾರಕ್ಕೆ ಇಷ್ಟು ಕೊಡ್ತೀನಿ" ಅಂದರೆ ಕೇಳಿಸಿಕೊಳ್ಳುವ ಕಿವಿ ಬೇರೆ ಆಗುತ್ತದೆ.

ಮಂಡ್ಯ_ಮಾದ
ಅಲ್ಲಿ ವರ್ಷವಿಡೀ ಮಳೆ ಗೌಡ್ರೇ. ಇಲ್ಲಿ ಆಗಸ್ಟ್‌ನಲ್ಲಿ ಒಂದು ವಾರ ಬಿಸಿಲು ಬಿದ್ದರೆ ಹುಲ್ಲಿನ ಬಣ್ಣ ನೋಡಬೇಕು.

ವೈಕಾಟೊಗೌಡ
ವರ್ಷವಿಡೀ ಅಲ್ಲ, ಬೇಸಿಗೆಯಲ್ಲಿ ಇಲ್ಲೂ ಒಣಗುತ್ತೆ. ಆದರೂ ವಾರದ ಲೆಕ್ಕ ನಿಮಗೇ ಲಾಭ. ಹುಲ್ಲು ಇಲ್ಲದ ವಾರ ದುಡ್ಡೂ ಇಲ್ಲ.

ತೆಂಗಿನತೋಟದ_ಓನರ್
ನೀವೆಲ್ಲ ಬೈಯುತ್ತಿರುವ ಬೆಂಗಳೂರಿನವರಲ್ಲಿ ನಾನೂ ಒಬ್ಬ. ತಿಪಟೂರು ಹತ್ತಿರ ನಾಲ್ಕು ಎಕರೆ ತೆಂಗು ಇದೆ, ತಿಂಗಳಿಗೊಮ್ಮೆ ಬರುತ್ತೇನೆ. ಯಾಕೆ ಕೊಡಲ್ಲ ಅಂತ ಹೇಳ್ತೀನಿ ಕೇಳಿ.

ಎರಡು ವರ್ಷದ ಹಿಂದೆ ಪಕ್ಕದವರಿಗೆ "ಹುಲ್ಲು ತಾನೆ, ಮೇಯಲಿ" ಅಂತ ಕೊಟ್ಟೆ. ಮುಂದಿನ ತಿಂಗಳು ಹೋದಾಗ ಡ್ರಿಪ್ ಪೈಪು ಅಗಿದ ಚೂಯಿಂಗ್ ಗಮ್ ತರ ಆಗಿತ್ತು. ಬಿಸಿಲಲ್ಲಿ ನೀರಿನ ವಾಸನೆಗೆ ದನ ಪೈಪ್ ಅಗಿಯುತ್ತವೆ ಅಂತ ಆಮೇಲೆ ಯಾರೋ ಹೇಳಿದರು. ಸತ್ತ ಮರದ ಜಾಗದಲ್ಲಿ ನೆಟ್ಟಿದ್ದ ಸಸಿಗಳ ಸುಳಿ ಇರಲಿಲ್ಲ. ಕೇಳಿದರೆ "ನಮ್ಮ ದನ ಅಲ್ಲ" ಅಂದರು. ಇನ್ನು ಭೂಮಿ ಹೋಗುವ ಭಯ, ಅದು ನಮ್ಮ ಮಾವನವರದ್ದು. ನನಗೆ ಅದು ಅಷ್ಟಿಲ್ಲ. ನನ್ನ ಸಿಟ್ಟು ಪೈಪಿನದ್ದು.

ಆದರೆ ನಿಜ ಹೇಳಬೇಕೆಂದರೆ ಕಳೆ ತೆಗೆಸಲು ವರ್ಷಕ್ಕೆ ಎರಡು ಸಲ ಟ್ರ್ಯಾಕ್ಟರ್ ಹೊಡೆಸುತ್ತೇನೆ. ಫೆಬ್ರವರಿ ಮಾರ್ಚ್‌ನಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದರೆ ಅಂತ ನಿದ್ದೆ ಬರಲ್ಲ. ಯಾರಾದರೂ ನೆಟ್ಟಗೆ ಮೇಯಿಸಿಕೊಂಡರೆ ನನಗೆ ದುಡ್ಡೇ ಬೇಡ.

ಕೊಟ್ಟಿಗೆಮನೆ
ಸಾರ್, ಇದು ಕೆಲಸದ ಮಾತು. ಹಾಗಾದರೆ ನೀವು ಏನೇನು ಕೇಳ್ತೀರಿ? ನಮ್ಮ ಪಕ್ಕದ ತೋಟದವರ ಹತ್ತಿರ ಅದನ್ನೇ ನಾನು ಮುಂಚೆಯೇ ಹೇಳ್ತೀನಿ.

ತೆಂಗಿನತೋಟದ_ಓನರ್
ದನದ ಜೊತೆ ಆಳು ಇರಬೇಕು, ಬಿಟ್ಟು ಹೋಗಬಾರದು. ಡ್ರಿಪ್ ಇರುವ ಸಾಲಿನಲ್ಲಿ ಕುಡುಗೋಲು ಮಾತ್ರ, ಕೊಯ್ದು ಹೊತ್ತುಕೊಂಡು ಹೋಗಲಿ. ಸಸಿಗೆ ಮುಳ್ಳು ಕಟ್ಟಿಕೊಡಲಿ. ಜನವರಿ ಒಳಗೆ ಬೇಲಿ ಪಕ್ಕದ ಹುಲ್ಲು ಸವರಿ ಬೆಂಕಿ ದಾಟದ ಹಾಗೆ ಮಾಡಲಿ. ಬಿದ್ದ ಕಾಯಿ ಮುಟ್ಟಬಾರದು. ದನಗಳ ಕಿವಿ ಓಲೆಯ 12 ಅಂಕಿಯ ನಂಬರ್ ಬರೆದುಕೊಡಲಿ. ಆಗ "ನಮ್ಮ ದನ ಅಲ್ಲ" ಅನ್ನೋ ಮಾತೇ ಬರಲ್ಲ.

ರಾಗಿಕಣ
ಬಿದ್ದ ಕಾಯಿ ಅಂದ್ರಲ್ಲ, ಅಲ್ಲೇ ಇರೋದು ನೋಡಿ ಅಸಲಿ ಭಯ!

ಹುಲ್ಲುಮೆದೆ
ಮರಗಳಿಗೆ ಇಪ್ಪತ್ತು ವರ್ಷ ದಾಟಿದ್ದರೆ ನೆರಳಿನಲ್ಲಿ ಗಿನಿ ಹುಲ್ಲು ಚೆನ್ನಾಗಿ ಬರುತ್ತೆ. ಬೀಜ ನಾನೇ ಹಾಕಿಕೊಡ್ತೀನಿ ಅನ್ನಿ. ಮಾಲೀಕರಿಗೆ ಕಾಂಗ್ರೆಸ್ ಗಿಡ ಹೋಗುತ್ತೆ, ನಿಮಗೆ ಮೇವಾಗುತ್ತೆ.

ಪಶುಡಾಕ್ಟ್ರು
ಬಾಡಿಗೆ ಮಾತು ಆಯಿತು, ಒಳಗೆ ಏನಿದೆ ಅಂತಲೂ ನೋಡಿ. ತೋಟದ ಮಾಲೀಕರನ್ನು ಮೊದಲು ಕೇಳಬೇಕಾದ್ದು: ಕಪ್ಪು ತಲೆ ಹುಳಕ್ಕೆ ಬೇರಿಗೆ ಔಷಧಿ ಕಟ್ಟಿದ್ದೀರಾ? ಮರದ ಬುಡದಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕೀಟನಾಶಕ ತುಂಬಿ ಬೇರಿಗೆ ಕಟ್ಟಿರುತ್ತಾರೆ. ದನ ಅದನ್ನು ಎಳೆದು ಬಾಯಿಗೆ ಹಾಕಿಕೊಂಡರೆ ನಾನು ಬರುವಷ್ಟರಲ್ಲಿ ಮುಗಿದಿರುತ್ತದೆ.

ಬೀಳು ಹೊಲದಲ್ಲಿ ಜೋಳದ ಕೂಳೆ ಚಿಗುರಿದ್ದರೆ ದನ ಬಿಡಬೇಡಿ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಇನ್ನೂ ಅಪಾಯ. ಅದು ಸೈನೈಡ್ ವಿಷ. ಹೊಟ್ಟೆ ಉಬ್ಬರ ಅಂದುಕೊಂಡು ಎಣ್ಣೆ ಕುಡಿಸುತ್ತಾ ಕೂರಬೇಡಿ, ತಕ್ಷಣ ಫೋನ್ ಮಾಡಿ. ಲಂಟಾನ ಜಾಸ್ತಿ ಇರುವ ಜಾಗದಲ್ಲಿ ಹೊಸ ದನ ಹಸಿದು ಹೋಗಿ ತಿಂದರೆ ಕಾಮಾಲೆ ಆಗುತ್ತೆ. ಬಿಸಿಲಿಗೆ ಚರ್ಮ ಸುಲಿಯುತ್ತೆ. ಆದ್ದರಿಂದ ಸ್ವಲ್ಪ ಒಣಮೇವು ಹಾಕಿಯೇ ಹೊರಡಿಸಿ. ಬೇರೆಯವರ ದನವೂ ಮೇಯುವ ಜಾಗವಾದರೆ ಮುಂಗಾರಿಗೆ ಮುಂಚೆ ಗಳಲೆ, ಚಪ್ಪೆ ರೋಗದ ಲಸಿಕೆ ಆಗಿರಲಿ. ಕಾಲುಬಾಯಿ ಲಸಿಕೆ ಹೇಗೂ ಹಾಕಿಸ್ತೀರಿ.

ಗುಬ್ಬಿತೋಟ
ಡಾಕ್ಟ್ರೇ, ಎಚ್‌ಎಫ್‌ನೂ ಹೊಡೆದುಕೊಂಡು ಹೋಗಬಹುದಾ?

ಪಶುಡಾಕ್ಟ್ರು
ಹತ್ತಿರವಿದ್ದರೆ, ನೆರಳಿದ್ದರೆ ಸರಿ. ಎರಡು ಮೈಲಿ ಬಿಸಿಲಲ್ಲಿ ನಡೆಸಿದರೆ ಹಾಲು ಇಳಿಯುತ್ತೆ, ಉಣ್ಣೆ ಹತ್ತಿ ಜ್ವರ ಬರುತ್ತೆ. ಹಳ್ಳಿಕಾರ್ ಕಳಿಸಿ, ಎಚ್‌ಎಫ್‌ಗೆ ಕೊಟ್ಟಿಗೆಗೇ ಕೊಯ್ದು ತನ್ನಿ.

ಗಂಗೆನಹಳ್ಳಿ
14 ಯಾಕೆ ಸಾಕ್ತೀರಾ? ನಾಲ್ಕು ಮಾರಿ, ಮೇವು ತಾನೇ ಸಾಲುತ್ತೆ.

ಕೊಟ್ಟಿಗೆಮನೆ
ಯಾರಿಗೆ ಮಾರೋದು? ಒಳ್ಳೆ ಜೋಡಿ ಆದರೆ ಘಾಟಿ ಜಾತ್ರೆ, ಸಿದ್ಧಗಂಗೆ ಜಾತ್ರೆಯಲ್ಲಿ ಹೋಗುತ್ತೆ. ಎಚ್‌ಎಫ್ ಗಂಡು ಕರು, ಗಬ್ಬ ನಿಲ್ಲದ ಹಸು ಯಾರೂ ಕೇಳಲ್ಲ.

ಮಂಡ್ಯ_ಮಾದ
2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಎಲ್ಲರ ಮನೆಯಲ್ಲೂ ಇದೇ. ಕಾಯ್ದೆ ಮಾಡಿದವರು ಹುಲ್ಲು ಕಳಿಸಲ್ಲ.

ಹಳೇಕಾಲದವ
ಸಾಕಿದ ದನನ ಹಾಗೆ ಮಾತಾಡಬೇಡಿ.

ಮಂಡ್ಯ_ಮಾದ
ನಾನೂ ಸಾಕ್ತಿದೀನಿ ಯಜಮಾನ್ರೇ, ಅದಕ್ಕೇ ಮಾತಾಡ್ತಿರೋದು. ನಾಲ್ಕು ಮುದಿ ಹಸು ಇವೆ, ಬಂದು ನೋಡಿ.

ಹುಲ್ಲುಮೆದೆ
ಅದಕ್ಕೆ ಬೇರೆ ಎಳೆ ಶುರು ಮಾಡಿ ಇಬ್ಬರೂ. ಇಲ್ಲಿ ಹುಲ್ಲಿನ ಮಾತು ಸಾಗಲಿ.

ಹನೂರುಕಾಡು
ನಮಗೆ ಕಾಡೇ ಇತ್ತು, ಬಾಡಿಗೆ ಅನ್ನೋದೇ ಗೊತ್ತಿರಲಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಲ್ಲಿ ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವಲ್ಲ, ಆಮೇಲೆ ಕಾಡಿಗೆ ದನ ಬಿಡಬಾರದು ಅನ್ನೋ ಮಾತು ಜೋರಾಯಿತು. ಈಗ ನಾವೂ ನಿಮ್ಮ ಸಾಲಿನಲ್ಲೇ ನಿಂತಿದ್ದೀವಿ. ಅರಣ್ಯ ಸಮಿತಿಯ ನೆಡುತೋಪಿನಲ್ಲಿ ಕೊಯ್ದು ಹೊತ್ತುಕೊಂಡು ಹೋಗಲು ಬಿಡುತ್ತಾರೆ. ನಿಮ್ಮ ಕಡೆಯೂ ಸಾಮಾಜಿಕ ಅರಣ್ಯದ ನೆಡುತೋಪು ಇದ್ದರೆ ವಿಚಾರಿಸಿ.

ಕೊಟ್ಟಿಗೆಮನೆ
ಒಂದು ಸುದ್ದಿ. ಪಕ್ಕದ ತೋಟದ ವಾಚ್‌ಮನ್ ಮೂಲಕ ಮಾಲೀಕರಿಗೆ ಫೋನ್ ಹೋಯಿತು. ಬಾಡಿಗೆ ಅನ್ನೋ ಮಾತೇ ಎತ್ತಲಿಲ್ಲ. "ಹುಲ್ಲು ಕೊಯ್ತೀನಿ, ಬೇಲಿ ಪಕ್ಕ ಸವರಿ ಕೊಡ್ತೀನಿ, ಪೈಪ್ ಸಾಲಿಗೆ ದನ ಬಿಡಲ್ಲ, ಕಿವಿ ಓಲೆ ನಂಬರ್ ಕೊಡ್ತೀನಿ" ಅಂದೆ. ಎರಡೂವರೆ ಎಕರೆಗೆ ಡಿಸೆಂಬರ್ ತನಕ ಒಪ್ಪಿದ್ದಾರೆ. ದುಡ್ಡಿನ ಬದಲು ಮೂರು ಟ್ರ್ಯಾಕ್ಟರ್ ಗೊಬ್ಬರ ಕೇಳಿದ್ದಾರೆ. ಚೀಟಿ ಅವರೇ ಬರೆಸಿ ಕಳಿಸ್ತಾರಂತೆ. ಬೇರಿನ ಔಷಧಿ ವಿಷಯ ಕೇಳಿದ್ದಕ್ಕೆ "ನಿಮಗೆ ಇದೆಲ್ಲ ಹೇಗೆ ಗೊತ್ತು" ಅಂದರು!

ರಾಗಿಕಣ
ಮೂರು ಟ್ರ್ಯಾಕ್ಟರ್ ಜಾಸ್ತಿ ಆಯ್ತು. ಇವತ್ತಿನ ರೇಟಿಗೆ ಗೊಬ್ಬರ ಕೊಳ್ಳೋಕೆ ಹೋಗಿ ನೋಡಿ. ನಿಮ್ಮ ರಾಗಿಗೆ ಏನು ಹಾಕ್ತೀರಿ? ಎರಡಕ್ಕೆ ಇಳಿಸಿ.

ತೆಂಗಿನತೋಟದ_ಓನರ್
ಮೂರು ಸರಿಯಾಗೇ ಇದೆ. ಟ್ರ್ಯಾಕ್ಟರ್ ಬಾಡಿಗೆ ಅವರು ಕೊಡಲಿ ಅನ್ನಿ, ಒಪ್ಪುತ್ತಾರೆ.

ಲೆಕ್ಕದ_ಮೇಷ್ಟ್ರು
ಎರಡೂವರೆ ಎಕರೆ 9 ರಾಸಿಗೂ ಸಾಲಲ್ಲ ಅಂತ ನೆನಪಿರಲಿ. ಉಳಿದ ಮೇವಿಗೆ ಈಗಲೇ ರಾಗಿ ಹುಲ್ಲು ಮಾತಾಡಿಟ್ಟುಕೊಳ್ಳಿ. 2023ರ ಬರದಲ್ಲಿ ಕೊನೆಗೆ ದುಡ್ಡು ಕೊಟ್ಟರೂ ಸಿಗಲಿಲ್ಲ.

ನಾಗಮಂಗಲ್ದೋಳು
ನಮ್ಮದು ನಾಲ್ಕು ಎಮ್ಮೆ. ತೆಂಗಿನ ತೋಟಕ್ಕೆ ಎಮ್ಮೆ ಅಂದರೆ ಮಾಲೀಕರು ಒಪ್ತಾರಾ?

ಹುಲ್ಲುಮೆದೆ
ಒಪ್ತಾರೆ. ಆದರೆ ಮರದ ಪಾತಿಯಲ್ಲಿ ನೀರು ನಿಂತಿದ್ದರೆ ನಿಮ್ಮ ಎಮ್ಮೆ ಮೇಯಲ್ಲ, ಅಲ್ಲೇ ಮಲಗುತ್ತೆ. ನೀರು ಬಿಡದ ದಿನ ನೋಡಿ ಹೊಡೆದುಕೊಂಡು ಹೋಗಿ.